ಮೆಂಫಿಸ್: ಹಾಡಿನ ಊರು, ಕಸದ ಗಾಡಿ

ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ 321 ಅಡಿ ಎತ್ತರದ ಪಿರಮಿಡ್ ಒಂದಿದೆ. ಮೈತುಂಬ ಉಕ್ಕಿನ ಹೊದಿಕೆ. ಜೂನ್ ತಿಂಗಳ ಮಧ್ಯಾಹ್ನ ಅದನ್ನು ದಿಟ್ಟಿಸಿ ನೋಡುವಂತಿಲ್ಲ. ನೈಲ್ ತೀರದ ಹಳೆಯ ರಾಜಧಾನಿಯ ಹೆಸರನ್ನು 1819ರಲ್ಲಿ ಈ ಊರಿಗೆ ಇಟ್ಟರು. 1991ರಲ್ಲಿ ಆ ಹೆಸರಿಗೆ ತಕ್ಕ ಪಿರಮಿಡನ್ನೂ ಕಟ್ಟಿದರು. ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆಂದು ಎದ್ದ ಕಟ್ಟಡ 2015ರಿಂದ ಬೇಟೆ ಮತ್ತು ಮೀನುಗಾರಿಕೆಯ ಸಾಮಾನು ಮಾರುವ ದೊಡ್ಡ ಅಂಗಡಿಯಾಗಿದೆ. ಒಳಗೆ ಕೃತಕ ಜೌಗು ಕಾಡು, ನೀರಿನಲ್ಲಿ ನಿಜವಾದ ಮೀನು, ಮೊಸಳೆಯ ಜಾತಿಯ ಅಲಿಗೇಟರ್, ಒಂದು ಹೋಟೆಲ್ ಕೂಡ. ಲಿಫ್ಟಿನಲ್ಲಿ ತುದಿಗೇರಿದರೆ ಕೆಳಗೆ ಕಂದು ಬಣ್ಣದ ನದಿ, ಅದರಾಚೆ ಅರ್ಕನ್ಸಾಸ್ ರಾಜ್ಯದ ಚಪ್ಪಟೆ ಹೊಲಗಳು, ನಡುವೆ ಎರಡು ಕಮಾನುಗಳ ಉಕ್ಕಿನ ಸೇತುವೆ.

ಮೇಲೆ ನಿಂತು ನೋಡುವಾಗ ಅನ್ನಿಸಿದ್ದು: ಈ ಊರನ್ನು ಕಟ್ಟಿದ್ದು ಈ ನದಿ, ಈ ಹೊಲಗಳು. ಆ ಹೊಲಗಳಲ್ಲಿ ಬೆಳೆದದ್ದು ಹತ್ತಿ. ಹತ್ತಿ ಬಿಡಿಸಿದವರು ಆಫ್ರಿಕದಿಂದ ಹಿಡಿದು ತಂದವರ ಮಕ್ಕಳು, ಮೊಮ್ಮಕ್ಕಳು. ಮೂಟೆ ಈ ದಂಡೆಗೆ ಬಂದು ದೋಣಿ ಹತ್ತುತ್ತಿತ್ತು. ಮನುಷ್ಯರೂ ಇಲ್ಲೇ ಮಾರಾಟವಾಗುತ್ತಿದ್ದರು. ನನ್ನ ತಂಗಿಯ ಮಗ ಇಲ್ಲಿ ನೌಕರಿಯಲ್ಲಿದ್ದಾನೆ. "ಮಾವ, ಇಲ್ಲಿ ನೋಡೋಕೆ ಎಲ್ವಿಸ್ ಮನೆ ಬಿಟ್ಟರೆ ಅಂಥದ್ದೇನಿಲ್ಲ" ಎಂದಿದ್ದ. ಆ ಮಾತನ್ನು ಒಪ್ಪುವುದು ನನಗೆ ಸಾಧ್ಯವಾಗಲಿಲ್ಲ. ಅಮೆರಿಕದಲ್ಲಿ ನಾನು ಕಂಡ ಊರುಗಳಲ್ಲಿ ಆ ದೇಶವನ್ನು ಇಷ್ಟು ಬಿಚ್ಚಿ ತೋರಿಸಿದ ಊರು ಮತ್ತೊಂದಿಲ್ಲ.

ಮೊದಲು ಸಣ್ಣಪುಟ್ಟ ಸೋಜಿಗಗಳನ್ನು ಹೇಳಿಬಿಡುತ್ತೇನೆ. ಪೀಬಾಡಿ ಎಂಬ ಹಳೆಯ ಹೋಟೆಲಿನಲ್ಲಿ ದಿನವೂ ಬೆಳಗ್ಗೆ 11 ಗಂಟೆಗೆ ಐದು ಬಾತುಕೋಳಿಗಳು ಲಿಫ್ಟಿನಲ್ಲಿ ಇಳಿದು ಬರುತ್ತವೆ. ಕೆಂಪು ಜಮಖಾನೆಯ ಮೇಲೆ ಸಾಲಾಗಿ ನಡೆದು ಹಜಾರದ ಅಮೃತಶಿಲೆಯ ಕಾರಂಜಿಗೆ ಧುಮುಕುತ್ತವೆ. ಸಂಜೆ 5ಕ್ಕೆ ಅದೇ ಮೆರವಣಿಗೆಯಲ್ಲಿ ಮಹಡಿಯ ಮೇಲಿನ ತಮ್ಮ ಮನೆಗೆ ಮರಳುತ್ತವೆ. 1930ರ ದಶಕದಲ್ಲಿ ಬೇಟೆಯಿಂದ ಮರಳಿದ ಹೋಟೆಲಿನ ಮ್ಯಾನೇಜರ್ ಮತ್ತವನ ಗೆಳೆಯ ತಮಾಷೆಗೆಂದು ಬಾತುಗಳನ್ನು ಆ ಕಾರಂಜಿಗೆ ಬಿಟ್ಟರಂತೆ. ಅವಕ್ಕೆ ನಡಿಗೆ ಕಲಿಸಿದವನು ಎಡ್ವರ್ಡ್ ಪೆಂಬ್ರೋಕ್; ಮೊದಲು ಸರ್ಕಸ್ಸಿನಲ್ಲಿ ಪ್ರಾಣಿ ಪಳಗಿಸುತ್ತಿದ್ದವನು, ಆಮೇಲೆ ಇಲ್ಲಿ ಸಾಮಾನು ಹೊರುವ ಕೆಲಸಕ್ಕೆ ಸೇರಿದವನು. 1991ರವರೆಗೂ ಬಾತುಗಳ ಯಜಮಾನನಾಗಿ ದುಡಿದ. ಆ ಐದು ನಿಮಿಷಕ್ಕಾಗಿ ಮುದುಕರೂ ಮಕ್ಕಳೂ ನೆಲದ ಮೇಲೆ ಕೂತು ಕಾಯುತ್ತಾರೆ. ಈ ಜನ ಒಂದು ಚಿಕ್ಕ ಸಂತೋಷವನ್ನು ತೊಂಬತ್ತು ವರ್ಷ ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ನನಗೆ ಅದು ಬಹಳ ಇಷ್ಟವಾಯಿತು.

ಇನ್ನೊಂದು ಸೋಜಿಗ ಇಡೀ ಜಗತ್ತನ್ನು ಬದಲಿಸಿದ್ದು. ನಾವು ಇವತ್ತು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸೂಪರ್ ಮಾರ್ಕೆಟ್ಟಿಗೆ ಹೋಗಿ, ಬುಟ್ಟಿ ಹಿಡಿದು, ಬೇಳೆ ಸಾಬೂನು ಆಯ್ದುಕೊಂಡು, ಬಾಗಿಲ ಬಳಿ ದುಡ್ಡು ಕೊಟ್ಟು ಬರುತ್ತೇವಲ್ಲ, ಆ ಪದ್ಧತಿ ಹುಟ್ಟಿದ್ದು ಮೆಂಫಿಸ್‌ನ ಜೆಫರ್ಸನ್ ಅವೆನ್ಯೂದಲ್ಲಿ. 1916ರ ಸೆಪ್ಟೆಂಬರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದ. ಅಲ್ಲಿಯವರೆಗೆ ಅಮೆರಿಕದಲ್ಲೂ ನಮ್ಮೂರ ಶೆಟ್ಟರ ಅಂಗಡಿಯ ರೀತಿಯೇ: ಕಟ್ಟೆಯ ಈಚೆ ನಿಂತು ಚೀಟಿ ಕೊಡಬೇಕು, ಆಚೆಯವನು ಅಳೆದು ತೂಗಿ ಪೊಟ್ಟಣ ಕಟ್ಟಬೇಕು. ಸಾಂಡರ್ಸ್ ಆ ಕಟ್ಟೆಯನ್ನೇ ತೆಗೆದುಹಾಕಿದ. ಪ್ರತಿ ವಸ್ತುವಿನ ಮೇಲೆ ಬೆಲೆ ಬರೆದ, ಒಳಗೆ ಹೋಗಲು ತಿರುಗುವ ಗೇಟು ಇಟ್ಟ, 1917ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಪಡೆದ. ಕೆಲವೇ ವರ್ಷಗಳಲ್ಲಿ ನೂರಾರು ಅಂಗಡಿಗಳಾದವು. ಗುಲಾಬಿ ಬಣ್ಣದ ಅಮೃತಶಿಲೆಯಲ್ಲಿ ಅರಮನೆ ಕಟ್ಟಿಸತೊಡಗಿದ. ಅಷ್ಟರಲ್ಲಿ 1923ರ ಶೇರುಪೇಟೆಯ ಕಾಳಗದಲ್ಲಿ ಎಲ್ಲವನ್ನೂ ಕಳೆದುಕೊಂಡ. ಆ ಅರಮನೆ ಈಗ ವಸ್ತುಸಂಗ್ರಹಾಲಯ. ಒಳಗೆ ಅವನ ಮೊದಲ ಅಂಗಡಿಯ ತದ್ರೂಪ ಇದೆ. ಆ ಮರದ ಕಪಾಟುಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನಡೆಯುತ್ತಾ ಹೋದೆ. ಗಿರಾಕಿಯನ್ನು ನಂಬಿ ಒಳಗೆ ಬಿಡುವುದು ಎಷ್ಟು ದೊಡ್ಡ ಯೋಚನೆ ಎಂದು ಅಲ್ಲಿ ಹೊಳೆಯಿತು.

ಮೋಟೆಲಿನ ಕಥೆಯೂ ಇಲ್ಲಿಯದೇ. 1951ರಲ್ಲಿ ಕೆಮನ್ಸ್ ವಿಲ್ಸನ್ ಎಂಬ ಮೆಂಫಿಸ್‌ನ ಗೃಹನಿರ್ಮಾಪಕ ಹೆಂಡತಿ ಮಕ್ಕಳೊಡನೆ ವಾಷಿಂಗ್ಟನ್‌ಗೆ ಕಾರಿನಲ್ಲಿ ಹೋದ. ದಾರಿಯ ತಂಗುದಾಣಗಳಲ್ಲಿ ಮಕ್ಕಳ ತಲೆಗೆ ಇಷ್ಟೆಂದು ಹೆಚ್ಚುವರಿ ವಸೂಲಿ ಮಾಡಿದರು, ಕೋಣೆಗಳೂ ಚೊಕ್ಕಟವಿರಲಿಲ್ಲ. ಊರಿಗೆ ಬಂದವನೇ 1952ರಲ್ಲಿ ಸಮ್ಮರ್ ಅವೆನ್ಯೂದಲ್ಲಿ ಮೊದಲ ಹಾಲಿಡೇ ಇನ್ ತೆರೆದ. ಹೆತ್ತವರ ಜೊತೆ ಬಂದ ಮಕ್ಕಳಿಗೆ ಬಾಡಿಗೆ ಇಲ್ಲ. ಕಾರು ಕೊಂಡು ರಸ್ತೆಗಿಳಿದ ಮಧ್ಯಮ ವರ್ಗದ ಅಮೆರಿಕಕ್ಕೆ ಅದು ವರವಾಯಿತು. ಇವತ್ತು ಅದೇ ದೇಶದ ಹೆದ್ದಾರಿಗಳ ಮೋಟೆಲುಗಳಲ್ಲಿ ದೊಡ್ಡ ಪಾಲನ್ನು ನಡೆಸುತ್ತಿರುವವರು ಗುಜರಾತಿನ ಪಟೇಲರು. ಮಿಸಿಸಿಪ್ಪಿಯ ಹಳ್ಳಿಗಾಡಿನಲ್ಲಿ ಮೋಟೆಲಿನ ಕೌಂಟರಿನ ಹಿಂದೆ ಅಗರಬತ್ತಿಯ ಪರಿಮಳ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಆದರೆ ಅದೇ 1952ರಲ್ಲಿ ಒಬ್ಬ ಕಪ್ಪು ಶಿಕ್ಷಕ ತನ್ನ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಇದೇ ರಸ್ತೆಯಲ್ಲಿ ಹೊರಟಿದ್ದರೆ ರಾತ್ರಿ ಎಲ್ಲಿ ಮಲಗಬೇಕಿತ್ತು? ದಕ್ಷಿಣದ ಬಹುತೇಕ ಹೋಟೆಲುಗಳ ಬಾಗಿಲು ಅವನಿಗೆ ಮುಚ್ಚಿತ್ತು. ಊಟದ ಬುತ್ತಿ, ಕುಡಿಯುವ ನೀರು, ಮಕ್ಕಳಿಗೆ ಮೂತ್ರ ಮಾಡಿಸಲು ಒಂದು ಡಬ್ಬಿ, ಇಷ್ಟನ್ನೂ ಹೇರಿಕೊಂಡು ಹೋಗಬೇಕಿತ್ತು. ನ್ಯೂಯಾರ್ಕಿನ ಹಾರ್ಲೆಂನಲ್ಲಿ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಅಂಚೆಯವನಿದ್ದ. ಕಪ್ಪು ಪ್ರಯಾಣಿಕರಿಗೆ ಯಾವ ಊರಿನಲ್ಲಿ ಯಾವ ಮನೆ, ಯಾವ ಹೋಟೆಲು, ಯಾವ ಪೆಟ್ರೋಲ್ ಬಂಕು ಜಾಗ ಕೊಡುತ್ತದೆಂದು ತಿಳಿಸುವ ಕೈಪಿಡಿಯನ್ನು ಅವನು 1936ರಲ್ಲಿ ಶುರುಮಾಡಿದ. ಗ್ರೀನ್ ಬುಕ್ ಎಂದೇ ಹೆಸರಾದ ಅದು ಸುಮಾರು ಮೂರು ದಶಕ ನಡೆಯಿತು. ಮೆಂಫಿಸ್‌ನ ಪುಟದಲ್ಲಿ ಅದು ತೋರಿಸುತ್ತಿದ್ದ ಜಾಗಗಳಲ್ಲಿ ಒಂದು ಮಲ್ಬರಿ ಬೀದಿಯ ಲೊರೇನ್. ಅಂಗಡಿಯ ಕಟ್ಟೆ ತೆಗೆದು ಎಲ್ಲರನ್ನೂ ಒಳಗೆ ಕರೆದ ಊರು, ಮಕ್ಕಳಿಗೆ ಪುಕ್ಕಟೆ ಹಾಸಿಗೆ ಕೊಟ್ಟ ಊರು, ತನ್ನ ಜನರಲ್ಲೇ ದೊಡ್ಡದೊಂದು ಪಾಲನ್ನು ಹೊಸ್ತಿಲಾಚೆ ನಿಲ್ಲಿಸಿತ್ತು. ಮುಂದೆ ಈ ಊರಿನಲ್ಲಿ ನಾನು ಕಂಡದ್ದೆಲ್ಲವೂ ಈ ಹೊಸ್ತಿಲಿನದೇ ಕಥೆ.

ಯೂನಿಯನ್ ಅವೆನ್ಯೂದ 706ನೇ ಕಟ್ಟಡ ಸನ್ ಸ್ಟುಡಿಯೋ. ಒಂದು ಪುಟ್ಟ ಕೋಣೆ. ಗೋಡೆ, ಚಾವಣಿಗೆ ಸದ್ದು ಹೀರುವ ಹಳೆಯ ಬಿಳಿ ಬಿಲ್ಲೆಗಳು. ಸ್ಯಾಮ್ ಫಿಲಿಪ್ಸ್ ಎಂಬ ಬಿಳಿಯ ರೇಡಿಯೊ ತಂತ್ರಜ್ಞ 1950ರ ಜನವರಿಯಲ್ಲಿ ಇದನ್ನು ತೆರೆದ. ಬೇರೆಲ್ಲೂ ಪ್ರವೇಶ ಸಿಗದ ಕಪ್ಪು ಗಾಯಕರಿಗೆ ಇಲ್ಲಿ ಜಾಗ ಕೊಟ್ಟ. ಬಿ.ಬಿ. ಕಿಂಗ್, ಹೌಲಿನ್ ವುಲ್ಫ್ ಇಲ್ಲಿ ಹಾಡಿದರು. 1951ರಲ್ಲಿ ಐಕ್ ಟರ್ನರನ ತಂಡ ಮಿಸಿಸಿಪ್ಪಿಯಿಂದ ಬಂದಾಗ ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಒಡೆದುಹೋಗಿತ್ತು. ಫಿಲಿಪ್ಸ್ ಅದರ ಹರಿದ ಸ್ಪೀಕರಿಗೆ ಕಾಗದ ತುರುಕಿ ನುಡಿಸಲು ಹೇಳಿದ. ಆ ಒಡಕು, ಗೊಗ್ಗರು ಧ್ವನಿಯಲ್ಲೇ 'ರಾಕೆಟ್ 88' ಮುದ್ರಣವಾಯಿತು. ರಾಕ್ ಆ್ಯಂಡ್ ರೋಲ್‌ನ ಮೊದಲ ಧ್ವನಿಮುದ್ರಿಕೆ ಇದೇ ಎನ್ನುವವರು ಬಹಳ ಜನ. 1953ರಲ್ಲಿ, ಆಗಷ್ಟೇ ಹೈಸ್ಕೂಲು ಮುಗಿಸಿದ 18ರ ಹುಡುಗನೊಬ್ಬ ಬಂದು, ಸುಮಾರು ನಾಲ್ಕು ಡಾಲರ್ ಕೊಟ್ಟು ಎರಡು ಹಾಡು ಮುದ್ರಿಸಿಕೊಂಡು ಹೋದ. ಅವನೇ ಎಲ್ವಿಸ್ ಪ್ರೀಸ್ಲಿ.

ಮರುವರ್ಷ 1954ರ ಜುಲೈಯಲ್ಲಿ ಅದೇ ಕೋಣೆಯಲ್ಲಿ, ಬೇರೆ ಹಾಡುಗಳು ಯಾವುದೂ ಹತ್ತದೆ ಬೇಸತ್ತ ರಾತ್ರಿಯಲ್ಲಿ, ಎಲ್ವಿಸ್ ಗಿಟಾರು ಹಿಡಿದು ಒಂದು ಹಳೆಯ ಬ್ಲೂಸ್ ಹಾಡನ್ನು ಕುಣಿದಾಡುತ್ತ ಹಾಡತೊಡಗಿದ. ಅದು ಆರ್ಥರ್ ಕ್ರೂಡಪ್ ಎಂಬ ಕಪ್ಪು ಹಾಡುಗಾರನದು. ಊರಿನ ರೇಡಿಯೊದಲ್ಲಿ ಡ್ಯೂಯಿ ಫಿಲಿಪ್ಸ್ ಅದನ್ನು ಹಾಕಿದ ರಾತ್ರಿ ಕೇಳುಗರ ಫೋನಿನ ಸುರಿಮಳೆ. ಹುಡುಗನನ್ನು ಕರೆಸಿ ಮಾತಾಡಿಸಿದಾಗ ನಿರೂಪಕ ಬೇಕೆಂದೇ ಒಂದು ಪ್ರಶ್ನೆ ಕೇಳಿದ: ನೀನು ಓದಿದ್ದು ಯಾವ ಶಾಲೆ? ಉತ್ತರ ಹ್ಯೂಮ್ಸ್ ಹೈಸ್ಕೂಲು. ಅದು ಬಿಳಿಯರ ಶಾಲೆ. ಧ್ವನಿ ಕೇಳಿ ಕಪ್ಪು ಹುಡುಗನೆಂದು ಭಾವಿಸಿದ್ದ ಊರಿಗೆ, ಜಾತಿ ಕೇಳದೆ ಜಾತಿ ತಿಳಿಸುವ ಉಪಾಯ ಅದು. ನಮ್ಮಲ್ಲಿ ಊರು ಯಾವುದು, ಮನೆತನ ಯಾವುದು, ಕೇರಿ ಯಾವುದು ಎಂದು ಕೇಳುವವರ ಮನಸ್ಸಿನಲ್ಲಿ ಇರುವುದೂ ಅದೇ ಪ್ರಶ್ನೆ. ಮಾರ್ಗದರ್ಶಿ ಹುಡುಗಿ ಈ ಪ್ರಸಂಗ ಹೇಳಿ ಮುಂದೆ ಹೋದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ.

ಎಲ್ವಿಸ್ ಕಪ್ಪು ಜನರ ಸಂಗೀತವನ್ನು ಕದ್ದ ಎನ್ನುವ ಮಾತಿದೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ಮಿಸಿಸಿಪ್ಪಿಯ ಟುಪೆಲೊದಲ್ಲಿ ಅವನು ಹುಟ್ಟಿದ್ದು, 1935ರಲ್ಲಿ, ಅಪ್ಪ 180 ಡಾಲರ್ ಸಾಲ ಮಾಡಿ ಕಟ್ಟಿದ ಎರಡು ಕೋಣೆಯ ಮನೆಯಲ್ಲಿ. ಬಡತನದ ಬೀದಿಗಳಲ್ಲಿ, ಚರ್ಚುಗಳಲ್ಲಿ, ಬೀಲ್ ಸ್ಟ್ರೀಟಿನಲ್ಲಿ ಅವನ ಕಿವಿಗೆ ಬಿದ್ದದ್ದು ಆ ಸಂಗೀತ. ಅದನ್ನು ಅವನು ಪ್ರೀತಿಸಿದ, ಯಾರಿಂದ ಕಲಿತೆನೆಂದು ಬಾಯಿಬಿಟ್ಟು ಹೇಳಿದ. ಅನ್ಯಾಯ ಮಾಡಿದ್ದು ಆ ಸಂಗೀತದ ಪೇಟೆ. 1955ರಲ್ಲಿ ಎಲ್ವಿಸ್‌ನ ಕರಾರುಪತ್ರ 35,000 ಡಾಲರಿಗೆ ಆರ್‌ಸಿಎ ಕಂಪನಿಗೆ ಮಾರಾಟವಾಯಿತು. ಕ್ರೂಡಪ್ ಹೊಲಗಳಲ್ಲಿ ಕೂಲಿ ಮಾಡುತ್ತಲೇ ಬದುಕಿದ. ತನಗೆ ಸಲ್ಲಬೇಕಿದ್ದ ರಾಯಲ್ಟಿಯ ಬಹುಪಾಲು ಕೈಗೆ ಬಾರದೆ 1974ರಲ್ಲಿ ತೀರಿಕೊಂಡ. ಎಲ್ವಿಸ್‌ಗಿಂತ ಮೊದಲೇ 'ಹೌಂಡ್ ಡಾಗ್' ಹಾಡಿದ್ದ ವಿಲ್ಲಿ ಮೇ ಥಾರ್ನ್‌ಟನ್ ಎಂಬ ಮಹಾಗಾಯಕಿಯ ಹೆಸರು ಇವತ್ತಿಗೂ ಎಷ್ಟು ಜನಕ್ಕೆ ಗೊತ್ತು?

ಗ್ರೇಸ್‌ಲ್ಯಾಂಡಿಗೂ ಹೋದೆ. 1957ರಲ್ಲಿ, 22ನೇ ವಯಸ್ಸಿನಲ್ಲಿ, 1,02,500 ಡಾಲರಿಗೆ ಎಲ್ವಿಸ್ ಕೊಂಡ ಮನೆ. ಸಾಲಾಗಿ ಮೂರು ಟೆಲಿವಿಷನ್ನುಗಳಿರುವ ಕೋಣೆ, ಚಾವಣಿಗೂ ಹಸಿರು ಜಮಖಾನೆ ಬಡಿದಿರುವ 'ಜಂಗಲ್ ರೂಮ್', ಬಂಗಾರದ ರೆಕಾರ್ಡುಗಳ ಗೋಡೆ. ಎಲ್ಲವೂ ಇದೆ, ಪ್ರವೇಶದರವೂ ಜೋರಾಗಿದೆ. ಮಹಡಿಗೆ ಯಾರನ್ನೂ ಬಿಡುವುದಿಲ್ಲ. 1977ರ ಆಗಸ್ಟ್ 16ರಂದು, 42ನೇ ವಯಸ್ಸಿನಲ್ಲಿ, ಅವನು ಸತ್ತದ್ದು ಅಲ್ಲಿ. ತೋಟದಲ್ಲಿ ಅಪ್ಪ, ಅಮ್ಮ, ಅಜ್ಜಿಯ ಪಕ್ಕದಲ್ಲಿ ಅವನ ಸಮಾಧಿ. ನಮ್ಮಲ್ಲಿ ರಾಜ್‌ಕುಮಾರ್ ಸಮಾಧಿಯ ಮುಂದೆ ಕಣ್ಣೊರೆಸಿಕೊಳ್ಳುವವರನ್ನು ಕಂಡವರಿಗೆ ಇಲ್ಲಿಯ ಭಕ್ತಿ ಅರ್ಥವಾಗುತ್ತದೆ. ಬಡವನ ಮನೆಯಲ್ಲಿ ಹುಟ್ಟಿ ದೊಡ್ಡವನಾದವನ ಮೇಲೆ ಬಡವರಿಗೆ ಇರುವ ಪ್ರೀತಿ ಎಲ್ಲ ದೇಶದಲ್ಲೂ ಒಂದೇ.

ಬೀಲ್ ಸ್ಟ್ರೀಟಿನಲ್ಲಿ ಈಗ ನಿಯಾನ್ ದೀಪ, ಬಿಯರು, ಪ್ರವಾಸಿಗಳ ಗದ್ದಲ. ಡಬ್ಲ್ಯು.ಸಿ. ಹ್ಯಾಂಡಿ ಬ್ಲೂಸ್ ಸಂಗೀತವನ್ನು ಕಾಗದಕ್ಕಿಳಿಸಿ 1912ರಲ್ಲಿ 'ಮೆಂಫಿಸ್ ಬ್ಲೂಸ್' ಪ್ರಕಟಿಸಿದ ಮೇಲೆ ಈ ಬೀದಿಗೆ ಲೋಕಖ್ಯಾತಿ ಬಂತು. ನಾನು ಅಲ್ಲಿ ಹುಡುಕಿಕೊಂಡು ಹೋದದ್ದು 2021ರಲ್ಲಿ ನಿಲ್ಲಿಸಿದ ಒಂದು ಕಂಚಿನ ಪ್ರತಿಮೆಯನ್ನು. ಅದು ಐಡಾ ಬಿ. ವೆಲ್ಸ್ ಅವರದು. 1862ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿ ಮೆಂಫಿಸ್‌ನಲ್ಲಿ ಶಿಕ್ಷಕಿಯಾದವರು. ಮೊದಲ ದರ್ಜೆಯ ಟಿಕೆಟ್ ಕೊಂಡು ರೈಲಿನ ಹೆಂಗಸರ ಬೋಗಿಯಲ್ಲಿ ಕುಳಿತಿದ್ದಾಗ ಕಂಡಕ್ಟರ್ ಎಬ್ಬಿಸಲು ಬಂದ. ಎಳೆಯಲು ಬಂದ ಅವನ ಕೈಯನ್ನು ಕಚ್ಚಿದರು. ಕೊನೆಗೆ ಹಲವರು ಸೇರಿ ಅವರನ್ನು ಹೊರಗೆಳೆದರು. ಅವರು ರೈಲ್ವೆ ಕಂಪನಿಯ ಮೇಲೆ ಮೊಕದ್ದಮೆ ಹೂಡಿ 1884ರಲ್ಲಿ 500 ಡಾಲರ್ ಪರಿಹಾರ ಗೆದ್ದರು; 1887ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಿರುವಿಹಾಕಿತು. ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧಿಯವರನ್ನು ರೈಲಿನಿಂದ ಇಳಿಸಿದ್ದು 1893ರಲ್ಲಿ. ಗಾಂಧಿಯ ರೈಲಿನ ಕಥೆ ನಮ್ಮ ಮಕ್ಕಳೆಲ್ಲರಿಗೂ ಗೊತ್ತು. ವೆಲ್ಸ್ ಅವರ ರೈಲಿನ ಕಥೆಯೂ ಗೊತ್ತಾಗಬೇಕು.

1892ರಲ್ಲಿ ಇದೇ ಊರಿನಲ್ಲಿ ಮೂವರು ಕಪ್ಪು ವ್ಯಾಪಾರಿಗಳನ್ನು ಜೈಲಿನಿಂದ ಎಳೆದೊಯ್ದು ಗುಂಪು ಕೊಂದಿತು. ಅವರು ಮಾಡಿದ್ದ ಅಪರಾಧವೆಂದರೆ ಬಿಳಿಯನ ಅಂಗಡಿಯ ಎದುರು ತಮ್ಮದೊಂದು ದಿನಸಿ ಅಂಗಡಿ ಚೆನ್ನಾಗಿ ನಡೆಸಿದ್ದು. ಅವರಲ್ಲೊಬ್ಬ, ಥಾಮಸ್ ಮಾಸ್, ವೆಲ್ಸ್ ಅವರ ಗೆಳೆಯ. ತಮ್ಮ ಪತ್ರಿಕೆಯಲ್ಲಿ ವೆಲ್ಸ್ ಈ ಕೊಲೆಗಳ ಹಿಂದಿನ ಸುಳ್ಳನ್ನು ಬಯಲಿಗೆಳೆದರು. ಈ ಊರು ಬಿಟ್ಟು ಹೋಗಿ ಎಂದು ತಮ್ಮ ಜನರಿಗೆ ಕರೆ ಕೊಟ್ಟರು, ಸಾವಿರಾರು ಜನ ಗಂಟುಮೂಟೆ ಕಟ್ಟಿದರು. ವೆಲ್ಸ್ ಊರಿನಲ್ಲಿಲ್ಲದಾಗ ಗುಂಪೊಂದು ಪತ್ರಿಕೆಯ ಕಚೇರಿಯನ್ನು ನಾಶಮಾಡಿತು. ಅಲ್ಲಿಂದಾಚೆ ಇಡೀ ದೇಶದ ಗುಂಪುಕೊಲೆಗಳ ಲೆಕ್ಕ, ಹೆಸರು, ಕಾರಣ ಸಂಗ್ರಹಿಸಿ ಪ್ರಕಟಿಸುವುದೇ ಅವರ ಬದುಕಾಯಿತು. ಅವರಿಗೆ ಪುಲಿಟ್ಜರ್ ಗೌರವ ಸಂದದ್ದು 2020ರಲ್ಲಿ, ತೀರಿಕೊಂಡ 89 ವರ್ಷಗಳ ಮೇಲೆ.

ಇನ್ನೊಂದು ಪ್ರತಿಮೆಯ ಕಥೆ ಇದಕ್ಕೆ ತಿರುವು ಮುರುವು. ನೇಥನ್ ಬೆಡ್‌ಫರ್ಡ್ ಫಾರೆಸ್ಟ್ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿ, ಕು ಕ್ಲಕ್ಸ್ ಕ್ಲಾನಿನ ಮೊದಲ ಮುಖ್ಯಸ್ಥ. ಅದಕ್ಕೂ ಮೊದಲು ಈ ಊರಿನ ನಡುವೆ ಗುಲಾಮರ ಮಂಡಿ ನಡೆಸಿ ಶ್ರೀಮಂತನಾದವನು. 1955ರಲ್ಲಿ ಆ ಜಾಗದಲ್ಲಿ ನಿಲ್ಲಿಸಿದ ಫಲಕ ಅವನು ವ್ಯಾಪಾರದಿಂದ ಸಿರಿವಂತನಾದ ಎಂದಷ್ಟೇ ಹೇಳುತ್ತಿತ್ತು. ಯಾವ ವ್ಯಾಪಾರ ಎಂಬುದನ್ನು ನುಂಗಿತ್ತು. 2018ರಲ್ಲಿ ಅಲ್ಲೇ ಹೊಸ ಫಲಕ ಬಂದಿದೆ. ಅವನು ಮಾರಿದ್ದು ಮನುಷ್ಯರನ್ನು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅವನ ಕುದುರೆ ಸವಾರಿಯ ಪ್ರತಿಮೆಯನ್ನು ತೆಗೆಯಲು ರಾಜ್ಯದ ಕಾನೂನು ಅಡ್ಡಬಂದಾಗ ನಗರಸಭೆ 2017ರ ಡಿಸೆಂಬರಿನಲ್ಲಿ ಇಡೀ ಉದ್ಯಾನವನ್ನೇ ಒಂದು ಖಾಸಗಿ ಲಾಭರಹಿತ ಸಂಸ್ಥೆಗೆ 1,000 ಡಾಲರಿಗೆ ಮಾರಿತು. ಅದೇ ರಾತ್ರಿ ಪ್ರತಿಮೆ ಕೆಳಗಿಳಿಯಿತು. ನಾಚಿಕೆಪಡಬೇಕಾದ ಇತಿಹಾಸವನ್ನು ತಿದ್ದಿ ಬರೆಯುವ ಧೈರ್ಯ ತಡವಾಗಿಯಾದರೂ ಬಂದದ್ದನ್ನು ನಾನು ಮೆಚ್ಚಿದೆ.

ದಕ್ಷಿಣ ಮೆಂಫಿಸ್‌ನ ಬಡ ಬಡಾವಣೆಯಲ್ಲಿ ಸ್ಟ್ಯಾಕ್ಸ್ ಎಂಬ ಧ್ವನಿಮುದ್ರಣ ಸಂಸ್ಥೆ ಇತ್ತು. ಜಿಮ್ ಸ್ಟೀವರ್ಟ್, ಎಸ್ಟೆಲ್ ಆ್ಯಕ್ಸ್‌ಟನ್ ಎಂಬ ತಮ್ಮ ಮತ್ತು ಅಕ್ಕ ಒಂದು ಹಳೆಯ ಸಿನಿಮಾ ಮಂದಿರವನ್ನು ಬಾಡಿಗೆಗೆ ಹಿಡಿದು ನಡೆಸಿದ್ದು. ಪ್ರೇಕ್ಷಕರಿಗಾಗಿ ಇಳಿಜಾರು ಮಾಡಿದ್ದ ನೆಲವನ್ನು ಹಾಗೇ ಬಿಟ್ಟಿದ್ದರಿಂದ ಅಲ್ಲಿಯ ಹಾಡುಗಳಿಗೆ ವಿಶೇಷವಾದ ಗುಂಗು ಬಂತೆನ್ನುತ್ತಾರೆ. ಸಿಹಿತಿಂಡಿ ಮಾರುತ್ತಿದ್ದ ಕಟ್ಟೆಯಲ್ಲಿ ಎಸ್ಟೆಲ್ ರೆಕಾರ್ಡುಗಳನ್ನು ಮಾರಿದರು. ಬೀದಿಯ ಹುಡುಗರು ಬಂದು ಕೇಳಿ ತಲೆದೂಗಿದರೆ ಹಾಡು ಗೆದ್ದಂತೆ. ಓಟಿಸ್ ರೆಡಿಂಗ್, ಐಸಾಕ್ ಹೇಯ್ಸ್ ಬೆಳೆದದ್ದು ಇಲ್ಲಿ. ಇಲ್ಲಿನ ವಾದ್ಯಗಾರರ ತಂಡದಲ್ಲಿ ಇಬ್ಬರು ಕಪ್ಪು, ಇಬ್ಬರು ಬಿಳಿ. ಹೊರಗೆ ಒಂದೇ ಮೇಜಿನಲ್ಲಿ ಉಣ್ಣಲಾಗದ ಕಾಲದಲ್ಲಿ ಒಳಗೆ ಒಂದೇ ತಾಳಕ್ಕೆ ನುಡಿಸುತ್ತಿದ್ದರು. ಇವರೆಲ್ಲ ಕೂಡಿ ಕೂರಲು, ಈಜಲು, ಹಾಡು ಕಟ್ಟಲು ಹೋಗುತ್ತಿದ್ದ ಜಾಗವೂ ಅದೇ ಲೊರೇನ್ ಮೋಟೆಲ್. ಸ್ಟೀವ್ ಕ್ರಾಪರ್ ಎಂಬ ಬಿಳಿಯ ಗಿಟಾರು ವಾದಕ ಮತ್ತು ಎಡ್ಡಿ ಫ್ಲಾಯ್ಡ್ ಎಂಬ ಕಪ್ಪು ಗಾಯಕ ಸೇರಿ ಅಲ್ಲಿಯ ಕೋಣೆಯಲ್ಲೇ 'ನಾಕ್ ಆನ್ ವುಡ್' ಹಾಡು ಕಟ್ಟಿದರು.

ಲೊರೇನ್ ಮೋಟೆಲನ್ನು ವಾಲ್ಟರ್ ಬೇಲಿ ಮತ್ತು ಲೋರಿ ಬೇಲಿ ದಂಪತಿ 1945ರಲ್ಲಿ ಕೊಂಡು ಮುದ್ದಿನಿಂದ ಬೆಳೆಸಿದ್ದರು. ಇವತ್ತಿಗೂ ಹೊರಗೆ ಅದೇ ಹಳದಿ ಬಣ್ಣದ ಬೋರ್ಡು, ಅದೇ ಎರಡು ಮಹಡಿ, ಕೆಳಗೆ 1960ರ ದಶಕದ ಕಾರುಗಳು, ಮೇಲೆ 306ನೇ ಕೋಣೆಯ ಮುಂದಿನ ಕಂಬಿಗೆ ಕಟ್ಟಿದ ಹೂಮಾಲೆ. ಹಿಂದೆ ನೂರಾರು ಸಲ ಚಿತ್ರದಲ್ಲಿ ಕಂಡಿದ್ದರೂ ಎದುರಿಗೆ ನಿಂತಾಗ ಮಾತು ಹೊರಡಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 4ರ ಸಂಜೆ 6 ಗಂಟೆ 1 ನಿಮಿಷಕ್ಕೆ ಆ ಕಂಬಿಯ ಬಳಿ ನಿಂತಿದ್ದರು. ಕೆಳಗಿದ್ದ ಸಂಗೀತಗಾರ ಬೆನ್ ಬ್ರಾಂಚ್‌ಗೆ, ರಾತ್ರಿಯ ಸಭೆಯಲ್ಲಿ ತಮ್ಮ ಮೆಚ್ಚಿನ ಒಂದು ಭಕ್ತಿಗೀತೆಯನ್ನು ಚೆನ್ನಾಗಿ ನುಡಿಸಬೇಕೆಂದು ಹೇಳಿದ್ದು ಅವರ ಕೊನೆಯ ಮಾತುಗಳಲ್ಲೊಂದು. ಎದುರಿನ ವಸತಿಗೃಹದ ಕಿಟಕಿಯಿಂದ ಗುಂಡು ಬಂತು. ವಯಸ್ಸು 39. ಅದೇ ಸಂಜೆ ಲೋರಿ ಬೇಲಿಗೆ ಪಾರ್ಶ್ವವಾಯು ಬಡಿಯಿತು. ಕಿಂಗ್ ಅವರ ಅಂತ್ಯಕ್ರಿಯೆಯ ದಿನ, ಏಪ್ರಿಲ್ 9ರಂದು, ಅವರೂ ತೀರಿಕೊಂಡರು. ವಾಲ್ಟರ್ ಆ 306ನೇ ಕೋಣೆಯನ್ನು ಮತ್ತೆ ಯಾರಿಗೂ ಬಾಡಿಗೆಗೆ ಕೊಡಲಿಲ್ಲ. ಸಾಲದಲ್ಲಿ ಮುಳುಗಿದ ಕಟ್ಟಡವನ್ನು 1982ರ ಹರಾಜಿನಲ್ಲಿ ಊರಿನ ಜನ ಚಂದಾ ಕೂಡಿಸಿ 1,44,000 ಡಾಲರಿಗೆ ಉಳಿಸಿಕೊಂಡರು. 1991ರಲ್ಲಿ ಅದು ರಾಷ್ಟ್ರೀಯ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಯಿತು.

ಕಿಂಗ್ ಈ ಊರಿಗೆ ಬಂದದ್ದೇಕೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಅವರು ಬಂದದ್ದು ಕಸ ಎತ್ತುವವರಿಗಾಗಿ. ಮೆಂಫಿಸ್‌ನ ಪೌರಕಾರ್ಮಿಕರೆಲ್ಲ ಹೆಚ್ಚುಕಡಿಮೆ ಕಪ್ಪು ಜನ, ಮೇಲ್ವಿಚಾರಕರೆಲ್ಲ ಬಿಳಿಯರು. ಮನೆಗಳ ಹಿತ್ತಲಿಗೆ ಹೋಗಿ ಕಸವನ್ನು ತೊಟ್ಟಿಗೆ ತುಂಬಿಕೊಂಡು ತಲೆ, ಹೆಗಲ ಮೇಲೆ ಹೊತ್ತು ತರಬೇಕು. ತೂತು ಬಿದ್ದ ತೊಟ್ಟಿಯಿಂದ ಕೊಳೆತ ನೀರು ಮೈಮೇಲೆ ಸುರಿಯುತ್ತಿತ್ತು. ಪೂರ್ತಿ ದುಡಿದರೂ ಸರ್ಕಾರದ ಬಡವರ ನೆರವಿಗೆ ಕೈಚಾಚಬೇಕಾದಷ್ಟು ಕಡಿಮೆ ಕೂಲಿ. ಮಳೆ ಬಂದರೆ ಅವರನ್ನು ಮನೆಗೆ ಕಳಿಸಿ ಕೂಲಿ ಮುರಿಯುತ್ತಿದ್ದರು. 1968ರ ಫೆಬ್ರವರಿ 1ರಂದು ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬಿಬ್ಬರು ನೆನೆಯದಿರಲೆಂದು ಕಸದ ಲಾರಿಯ ಹಿಂಭಾಗದೊಳಗೆ ಸೇರಿಕೊಂಡರು. ಕಸ ಅದುಮುವ ಯಂತ್ರ ಕೆಟ್ಟು ತಾನಾಗಿ ಚಾಲೂ ಆಯಿತು. ಇಬ್ಬರೂ ಅದರೊಳಗೆ ನುಜ್ಜುಗುಜ್ಜಾಗಿ ಸತ್ತರು.

ಫೆಬ್ರವರಿ 12ರಂದು ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಮೇಯರ್ ಹೆನ್ರಿ ಲೋಬ್ ಸಂಘವನ್ನು ಮಾನ್ಯ ಮಾಡಲು ಒಪ್ಪಲಿಲ್ಲ. ದಿನವೂ ಕ್ಲೇಬಾರ್ನ್ ಟೆಂಪಲ್ ಎಂಬ ಚರ್ಚಿನಿಂದ ಹೊರಟ ಮೆರವಣಿಗೆಯಲ್ಲಿ ಪ್ರತಿಯೊಬ್ಬನ ಎದೆಯ ಮೇಲೂ ಒಂದೇ ಫಲಕ: ನಾನೂ ಮನುಷ್ಯ. ಕೂಲಿ ಹೆಚ್ಚಿಸಿ ಎಂದಲ್ಲ, ಲಾರಿ ರಿಪೇರಿ ಮಾಡಿ ಎಂದಲ್ಲ. ವಸ್ತುಸಂಗ್ರಹಾಲಯದಲ್ಲಿ ಒಂದು ಹಳೆಯ ಕಸದ ಲಾರಿಯನ್ನು, ಅದರ ಮುಂದೆ ಆ ಫಲಕ ಹಿಡಿದವರನ್ನು ನಿಲ್ಲಿಸಿದ್ದಾರೆ. ಅದರ ಪಕ್ಕದಲ್ಲಿ ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ನನ್ನ ನಾಡು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ನಿಷೇಧಿಸಿದವರು ಬಿ. ಬಸವಲಿಂಗಪ್ಪ. ನಿಷೇಧವಾಗಿ ಹತ್ತಿರ ಹತ್ತಿರ ನಾಲ್ಕು ದಶಕಗಳಾದ ಮೇಲೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಇವತ್ತಿಗೂ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಬರುತ್ತಲೇ ಇದೆ.

ಅಲ್ಲಿಯ ಕಪ್ಪು ಜನರಿಗೂ ಇಲ್ಲಿಯ ದಲಿತರಿಗೂ ಇರುವ ಈ ನಂಟು ಕಿಂಗ್ ಅವರಿಗೂ ಗೊತ್ತಿತ್ತು. 1959ರಲ್ಲಿ ಅವರು ಹೆಂಡತಿ ಕೊರೆಟ್ಟಾ ಜೊತೆ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ತಿರುಗಾಡಿದರು. ತಿರುವನಂತಪುರದಲ್ಲಿ ದಲಿತ ಮಕ್ಕಳ ಶಾಲೆಯೊಂದಕ್ಕೆ ಹೋದಾಗ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಒಬ್ಬ ಅಸ್ಪೃಶ್ಯ ಬಂಧು ಎಂದು ಮಕ್ಕಳಿಗೆ ಪರಿಚಯಿಸಿದರು. ಕ್ಷಣಕಾಲ ಅವರಿಗೆ ಬೇಸರವಾಯಿತು. ಆಮೇಲೆ ತಮ್ಮ ದೇಶದ ಎರಡು ಕೋಟಿ ಜನರ ಸ್ಥಿತಿಯನ್ನು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡರು. 1965ರಲ್ಲಿ ಅಟ್ಲಾಂಟದ ತಮ್ಮ ಚರ್ಚಿನ ಪ್ರವಚನದಲ್ಲಿ ಅವರೇ ಇದನ್ನು ಹೇಳಿದ್ದಾರೆ. ನಮ್ಮ ದಲಿತ ಚಳವಳಿಗೂ ಅಲ್ಲಿಂದ ಕಾವು ಬಂದಿದೆ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ.

ಮತ್ತೆ 1968ರ ಮೆಂಫಿಸ್‌ಗೆ ಬರೋಣ. ಕೊಲೆಯ ಹಿಂದಿನ ದಿನ, ಏಪ್ರಿಲ್ 3ರ ರಾತ್ರಿ ಗುಡುಗು ಮಳೆ. ದಣಿದಿದ್ದ ಕಿಂಗ್ ಸಭೆಗೆ ಹೋಗುವುದಿಲ್ಲವೆಂದು ಕೋಣೆಯಲ್ಲೇ ಉಳಿದಿದ್ದರು. ಮಳೆಯಲ್ಲೂ ಮೇಸನ್ ಟೆಂಪಲ್‌ಗೆ ಜನ ಬಂದು ಕಾದಿದ್ದಾರೆಂದು ಗೆಳೆಯ ರಾಲ್ಫ್ ಅಬರ್ನಾಥಿ ಫೋನು ಮಾಡಿದ ಮೇಲೆ ಎದ್ದು ಹೋದರು. ಅವರ ಕೊನೆಯ ಭಾಷಣವನ್ನು ಕೇಳಿದವರು ಹೀಗೆ ನೆನೆದು ಬಂದಿದ್ದ ಕಸ ಎತ್ತುವವರು ಮತ್ತು ಅವರ ಮನೆಮಂದಿ. ಕೊಲೆಯಾದ ಹನ್ನೆರಡು ದಿನಕ್ಕೆ, ಏಪ್ರಿಲ್ 16ರಂದು, ನಗರಾಡಳಿತ ಸಂಘವನ್ನು ಒಪ್ಪಿಕೊಂಡಿತು, ಕೂಲಿ ಹೆಚ್ಚಿಸಿತು. ಮೊದಲೇ ಒಪ್ಪಿದ್ದರೆ ಹೋಗುತ್ತಿದ್ದುದು ಗಂಟೆಗೆ ಕೆಲವು ಸೆಂಟುಗಳು ಮಾತ್ರ.

ನಾನು ಹೋದಾಗ ಕ್ಲೇಬಾರ್ನ್ ಟೆಂಪಲ್‌ನ ಕಲ್ಲಿನ ಗೋಡೆಗೆ ಜೀರ್ಣೋದ್ಧಾರದ ಕೆಲಸ ನಡೆದಿತ್ತು. ಪಕ್ಕದಲ್ಲಿ 2018ರಲ್ಲಿ ತೆರೆದ ಪುಟ್ಟ ಚೌಕ. ಅಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಹೆಸರುಗಳನ್ನು ಗೋಡೆಯ ಮೇಲೆ ಕೊರೆದಿದ್ದಾರೆ. ಸೇನಾನಿಗಳಿಗೆ, ಸಿರಿವಂತರಿಗೆ ಕಂಬ ನಿಲ್ಲಿಸುವ ಲೋಕದಲ್ಲಿ ಕಸ ಎತ್ತಿದವರ ಹೆಸರುಗಳನ್ನು ಹೀಗೆ ಕೆತ್ತಿದ ಊರು ಇನ್ನೊಂದನ್ನು ನಾನು ಕಂಡಿಲ್ಲ. ಆ ಚರ್ಚು 2025ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಹೆಸರುಗಳ ಗೋಡೆ ಉಳಿದಿದೆ.

ಅಮೆರಿಕಕ್ಕೆ ಮಕ್ಕಳನ್ನು ನೋಡಲು ಹೋಗುವ ಹಿರಿಯರಿಗೆ, ಅಲ್ಲೇ ನೆಲೆಸಿರುವ ಕನ್ನಡದ ಗೆಳೆಯರಿಗೆ ನನ್ನದೊಂದು ಬಿನ್ನಹ. ನಯಾಗರ, ಡಿಸ್ನಿ ಎಲ್ಲವನ್ನೂ ನೋಡಿ. ಒಂದು ಸಲ ಮೊಮ್ಮಕ್ಕಳ ಕೈಹಿಡಿದು ಮೆಂಫಿಸ್‌ಗೂ ಹೋಗಿ. ಗ್ರೇಸ್‌ಲ್ಯಾಂಡನ್ನು ಕೊನೆಗಿಟ್ಟುಕೊಳ್ಳಿ. ಮೊದಲ ದಿನದ ಬೆಳಗನ್ನು ಲೊರೇನ್ ಮೋಟೆಲಿಗೆ ಕೊಡಿ, ಅಲ್ಲಿಂದ ಆ ಹೆಸರುಗಳ ಗೋಡೆಗೆ ನಡೆದುಕೊಂಡೇ ಹೋಗಿ, ದೂರವೇನಿಲ್ಲ. ಕೋಲ್ ಮತ್ತು ವಾಕರ್ ಯಾರೆಂದು ಮಕ್ಕಳಿಗೆ ನೀವೇ ಹೇಳಿ. ಊರಿಗೆ ಮರಳಿದ ಮೇಲೆ ನಿಮ್ಮ ಬೀದಿಗೆ ಬೆಳಗಿನ ಜಾವ ಬರುವ ಪೌರಕಾರ್ಮಿಕರ ಹೆಸರನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಿ.